ಕೇಳಿದ್ರೆ ಹೇಳ್ತೀನಿ: ಸರ್ಕಾರ ಅಂದ್ರೆ ಯಾವ ಸರ್ಕಾರ?

ಈ ತಿಂಗಳು ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ತರ ಶುರುವಾಗ್ತವೆ, "ಸರ್ಕಾರ ಯಾಕೆ ಹಿಂಗೆ ಮಾಡುತ್ತೆ" ಅಂತ. ಯಾವ ಸರ್ಕಾರ ಅಂತ ಬರೆದೋರು ಒಬ್ರೂ ಇಲ್ಲ. ಹಾಸನದಲ್ಲಿ ಪಿಯು ಹುಡುಗ್ರಿಗೆ ಎಕನಾಮಿಕ್ಸ್ ಪಾಠ ಮಾಡಿ ರಿಟೈರ್ ಆದೋನು ನಾನು, ಪರೀಕ್ಷೆಲೂ ಹಿಂಗೇ ಬರೀತಿದ್ರು, "ಸರ್ಕಾರವು ತೆರಿಗೆಯನ್ನು ವಿಧಿಸುತ್ತದೆ" ಅಂತ, ನಾನು ಕೆಂಪಿಂಕಲ್ಲಿ ಪಕ್ಕಕ್ಕೆ "ಯಾವುದು?" ಅಂತ ಗೀಚಿ ಅರ್ಧ ಮಾರ್ಕ್ಸ್ ಕಳೀತಿದ್ದೆ. ಇವತ್ತೂ ಅದೇ ಪೆನ್ನು ಹಿಡ್ಕೊಂಡು ಕೂತಿದೀನಿ ಅನ್ಕೊಳಿ.

ಪ್ರಶ್ನೆ: ಮೇಷ್ಟ್ರೇ, ಊರಿಂದ ಮೂಡಿಗೆರೆ ಮುಟ್ಟೋ ಹೊತ್ತಿಗೆ ಸೊಂಟ ಬಿದ್ದೋಗಿರುತ್ತೆ. ಎಂಎಲ್‌ಎ ಕಡೆಯೋರನ್ನ ಕೇಳಿದ್ರೆ ಅದು ಎಂಪಿಗೆ ಬರುತ್ತೆ ಅಂತಾರೆ, ಎಂಪಿ ಕಡೆಯೋರು ಪಂಚಾಯ್ತಿ ರಸ್ತೆ ಅಂತಾರೆ. ಯಾರನ್ನ ಹಿಡ್ಕೊಳೋದು?
(ಕೊಟ್ಟಿಗೆಹಾರ ಕಡೆಯ ಓದುಗರು)

ಮೊದ್ಲು ಮೈಲಿಗಲ್ಲು ಹಿಡ್ಕೊಳಿ. ತಮಾಷೆ ಅಲ್ಲ, ಕಲ್ಲಿನ ತಲೆಗೆ ಬಳಿದಿರೋ ಬಣ್ಣ ನೋಡಿ. ಹಳದಿ ಇದ್ರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ರೆ ರಾಜ್ಯ ಹೆದ್ದಾರಿ, ಕಪ್ಪೋ ನೀಲಿಯೋ ಇದ್ರೆ ಜಿಲ್ಲಾ ರಸ್ತೆ, ಕಿತ್ತಳೆ ಬಣ್ಣ ಇದ್ರೆ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆದು. ನಿಮ್ಮ ಕೊಟ್ಟಿಗೆಹಾರದ ಮೇಲೆ ಹಾದು ಚಾರ್ಮಾಡಿ ಘಾಟಿ ಇಳಿಯುತ್ತಲ್ಲ ಅದು 73ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಅದಕ್ಕೆ ದುಡ್ಡು ದೆಹಲಿದು, ಆದ್ರೆ ಇಂತಾ ಹೆದ್ದಾರಿಗಳಲ್ಲಿ ಎಷ್ಟೋ ಕಡೆ ಕೆಲಸ ಮಾಡ್ಸೋ ಇಂಜಿನಿಯರು ನಮ್ಮ ರಾಜ್ಯದ ಪಿಡಬ್ಲ್ಯುಡಿಯ ಹೆದ್ದಾರಿ ವಿಭಾಗದೋರೇ ಇರ್ತಾರೆ, ಹಂಗಾಗಿ ಇಬ್ರೂ ಬೊಟ್ಟು ಮಾಡಿ ತೋರಿಸೋಕೆ ಜಾಗ ಇದೆ. ಗ್ರಾಮ ಸಡಕ್ ರಸ್ತೆ ಆದ್ರೆ ಶುರುನಲ್ಲೇ ಒಂದು ಬೋರ್ಡ್ ನೆಟ್ಟಿರ್ತಾರೆ, ಎಷ್ಟು ಉದ್ದ, ಎಷ್ಟು ಖರ್ಚು, ಯಾರು ಕಂಟ್ರಾಕ್ಟರು ಅಂತ, ಮಾಡಿದ್ಮೇಲೆ 5 ವರ್ಷ ಅದನ್ನ ನೋಡ್ಕೊಳೋದು ಆ ಕಂಟ್ರಾಕ್ಟರ ಜವಾಬ್ದಾರಿ. ಆ ಬೋರ್ಡಿನ ಫೋಟೋ ತೆಗ್ದು ಅರ್ಜಿಗೆ ಅಂಟ್ಸಿ, ಅರ್ಧ ಮಾತು ಕಮ್ಮಿ ಆಗುತ್ತೆ.

ಇದನ್ನೆಲ್ಲಾ ಇಷ್ಟು ಜೋರಾಗಿ ಹೇಳ್ತಿರೋನ ಕಥೆ ಕೇಳಿ. ನಮ್ಮ ಮನೆ ರಸ್ತೆ ಹೆದ್ದಾರಿಗೆ ಸೇರೋ ಜಾಗದಲ್ಲಿ ಒಂದು ಮೋರಿ ಕುಸೀತು. ಒಂದು ಆಫೀಸಲ್ಲಿ ಮೋರಿಯ ಆಚೆ ಬಾಯಿ ಮಾತ್ರ ನಮ್ದು ಅಂದ್ರು, ಇನ್ನೊಂದು ಆಫೀಸಲ್ಲಿ ಈಚೆ ಬಾಯಿ ನಮ್ದೇ ಆದ್ರೆ ಪೈಪು ಅವರದ್ದು ಅಂದ್ರು. ಎರಡು ಮಳೆಗಾಲ ಕಳೀತು. ಕೊನೆಗೆ ಪಕ್ಕದ ತೋಟದೋರು ನಾಲ್ಕು ಅಡಿಕೆ ದಬ್ಬೆ ತಂದು ಅಡ್ಡ ಹಾಕಿದ್ರು, ಇವತ್ತಿಗೂ ಅದರ ಮೇಲೇ ಓಡಾಡ್ತಿದೀವಿ.

ಪ್ರಶ್ನೆ: ಸರ್, ದೇವೇಗೌಡರು ಪ್ರಧಾನಿ ಆದಾಗ ಎಂಪಿನೇ ಆಗಿರ್ಲಿಲ್ಲ ಅಂತ ನಮ್ ತಾತ ಹೇಳ್ತಾರೆ. ಅದು ಹೆಂಗೆ ಸಾಧ್ಯ?
(ಡಿಗ್ರಿ ವಿದ್ಯಾರ್ಥಿನಿ, ಹೊಳೆನರಸೀಪುರ)

ತಾತ ಹೇಳಿದ್ದು ಸರಿ ಕಣಮ್ಮ. 1996ರ ಜೂನ್ 1ಕ್ಕೆ ಪ್ರಮಾಣವಚನ ತಗೊಂಡಾಗ ನಿಮ್ಮ ಹರದನಹಳ್ಳಿ ಗೌಡರು ಕರ್ನಾಟಕದ ಮುಖ್ಯಮಂತ್ರಿ ಕುರ್ಚಿಯಿಂದ ಎದ್ದು ಹೋದೋರು, ರಾಮನಗರದ ಎಂಎಲ್‌ಎ. ನಮ್ಮ ಸಂವಿಧಾನದ 75ನೇ ವಿಧಿ ಏನ್ ಹೇಳುತ್ತೆ ಅಂದ್ರೆ, ಮಂತ್ರಿ ಆದೋರು ಸತತ 6 ತಿಂಗಳು ಪಾರ್ಲಿಮೆಂಟಿನ ಯಾವ ಸದನದ ಸದಸ್ಯರೂ ಆಗದೇ ಇದ್ರೆ ಹುದ್ದೆ ಹೋಗುತ್ತೆ ಅಂತ, ಅಂದ್ರೆ 6 ತಿಂಗಳು ಟೈಮ್ ಇದೆ ಅಂತಾಯ್ತಲ್ಲ, ಆ ಗಡುವಿನೊಳಗೆ ಅವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ್ರು. ಆಮೇಲೆ ಬಂದ ಗುಜ್ರಾಲ್ ಅವರೂ ರಾಜ್ಯಸಭೆಯೋರೇ, ಮನಮೋಹನ್ ಸಿಂಗ್ ಅವರೂ ರಾಜ್ಯಸಭೆಯೋರೇ.

ಮುಖ್ಯ ವಿಷಯ ಬೇರೆ ಇದೆ ನೋಡು. ಪ್ರಧಾನಿನ ಜನ ನೇರವಾಗಿ ಆರಿಸಲ್ಲ, ಲೋಕಸಭೆಲಿ ಜಾಸ್ತಿ ತಲೆ ಯಾರ ಹಿಂದೆ ಇದಾವೆ ಅನ್ನೋದೇ ಲೆಕ್ಕ. ಆ ತಲೆಗಳು ಅತ್ತ ಸರಿದ್ರೆ ಕುರ್ಚಿ ಹೋಯ್ತು. ಹೊರಗಿಂದ ಬೆಂಬಲ ಕೊಡ್ತಿದ್ದ ಕಾಂಗ್ರೆಸ್ ಕೈ ಎತ್ತಿದ ಕೂಡ್ಲೇ 1997ರ ಏಪ್ರಿಲ್ 11ಕ್ಕೆ ಗೌಡರ ಸರ್ಕಾರ ವಿಶ್ವಾಸಮತ ಸೋಲ್ತು. ಎರಡು ವರ್ಷ ಬಿಟ್ಟು ಅದೇ ಏಪ್ರಿಲಲ್ಲಿ ವಾಜಪೇಯಿ ಸರ್ಕಾರ 269ಕ್ಕೆ 270, ಒಂದೇ ಒಂದು ಓಟಲ್ಲಿ ಬಿತ್ತು. ತಲೆ ಎಣಿಸೋದು ಸದನದೊಳಗೇ ಆಗ್ಬೇಕು, ರಾಜಭವನದ ಸೋಫಾದ ಮೇಲಲ್ಲ ಅಂತ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ್ದೂ ನಮ್ಮ ರಾಜ್ಯದ ಕೇಸಿನಲ್ಲೇ, 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರನ ವಜಾ ಮಾಡಿದ್ರಲ್ಲ, 1994ರ ತೀರ್ಪು.

ಪಕ್ಕದ ಚಿಕ್ಕಮಗಳೂರಿನೋರು ಬೇಜಾರ್ ಮಾಡ್ಕೊಬಾರದು ಅಂತ ಇದನ್ನೂ ಹೇಳ್ಬಿಡ್ತೀನಿ. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಸೀಟ್ ಬಿಟ್ಟುಕೊಟ್ಟು ಇಂದಿರಾ ಗಾಂಧಿ ಅಲ್ಲಿಂದ ಉಪಚುನಾವಣೆ ಗೆದ್ರು, ಒಂದೂವರೆ ತಿಂಗಳೂ ಆಗಿರ್ಲಿಲ್ಲ, ಡಿಸೆಂಬರಲ್ಲಿ ಲೋಕಸಭೆ ಅವರನ್ನ ಉಚ್ಚಾಟನೆನೇ ಮಾಡ್ತು. ಜನ ಓಟ್ ಹಾಕಿ ಕಳಿಸಿದೋರನ್ನ ಸದನ ಹೊರಗೆ ಹಾಕಬೋದು ಅನ್ನೋದೂ ಅವತ್ತು ಗೊತ್ತಾಯ್ತು.

ಪ್ರಶ್ನೆ: ನಮ್ಮ ಪಾರ್ಟಿಯೋರು ಇಷ್ಟು ಜನ ಗೆದ್ದಿದಾರೆ, ನಮ್ಮ ಎಂಎಲ್‌ಎಗೆ ಯಾಕೆ ಮಂತ್ರಿಗಿರಿ ಇಲ್ಲ?
(ಹೆಸರು ಬೇಡ, ಬೇಲೂರು)

ಹೆಸರು ಬೇಡ ಅಂದಿದ್ದು ಒಳ್ಳೇದಾಯ್ತು. 2003ರ 91ನೇ ತಿದ್ದುಪಡಿ ಪ್ರಕಾರ ಸದನದ ಬಲದ ನೂರಕ್ಕೆ 15ರಷ್ಟೇ ಮಂತ್ರಿಗಳು, ನಮ್ಮ ವಿಧಾನಸಭೆ 224, ಅಲ್ಲಿಗೆ ಮುಖ್ಯಮಂತ್ರಿನೂ ಸೇರಿ 34 ಜನ. ಮಿಕ್ಕಿದೋರಿಗೆ ನಿಗಮ ಮಂಡಳಿ ಅಂತ ಇದಾವಲ್ಲ.

ಪ್ರಶ್ನೆ: ನಮ್ದು ಆರು ಎಕರೆ ರೋಬಸ್ಟಾ. ಕಾಫಿ ಬೋರ್ಡು ಕೇಂದ್ರದ್ದು, ಪಹಣಿ ರಾಜ್ಯದ್ದು, ಹಂಗಾದ್ರೆ ಆನೆ ಯಾರದ್ದು ಮೇಷ್ಟ್ರೇ? ಬೆಳೆ ಹೋದ್ರೆ ಯಾರನ್ನ ಕೇಳ್ಬೇಕು, ರೇಟು ಬಿದ್ರೆ ಯಾರನ್ನ ಬೈಬೇಕು?
(ಬೆಳೆಗಾರರು, ಸಕಲೇಶಪುರ)

ಈ ತಿಂಗಳ ಒಳ್ಳೇ ಪ್ರಶ್ನೆ ಇದು, ನಿಧಾನಕ್ಕೆ ಉತ್ತರ ಹೇಳ್ತೀನಿ. ನಿಮ್ಮ ತೋಟದ ಗೇಟಿಂದ ಕಣದವರೆಗೂ ಜೊತೇಲೇ ನಡ್ಕೊಂಡು ಹೋಗಣ ಬನ್ನಿ.

ಗೇಟಿನ ಕೆಳಗಿರೋ ಮಣ್ಣು ರಾಜ್ಯಪಟ್ಟಿ, ಅಂದ್ರೆ ಸಂವಿಧಾನದಲ್ಲಿ ರಾಜ್ಯ ಕಾನೂನು ಮಾಡೋ ವಿಷಯಗಳ ಪಟ್ಟಿ. ಭೂಮಿ, ಪಹಣಿ, ಪೋಡಿ, ಸರ್ವೆ, ಎಲ್ಲಾ ಬೆಂಗಳೂರಿನ ಕಾನೂನು, ತಹಸೀಲ್ದಾರ್ ಕೈಲಿರೋದು. ಗೇಟ್ ದಾಟಿದ್ರೆ ಬಲಗಡೆ ಲೈನ್ ಮನೆ, ಅಲ್ಲಿಗೆ ಎರಡೂ ಸರ್ಕಾರ ಬರ್ತವೆ, ಕಾರ್ಮಿಕರ ವಿಷಯ ಇಬ್ರೂ ಕಾನೂನು ಮಾಡಬೋದಾದ ಸಮವರ್ತಿ ಪಟ್ಟಿಲಿದೆ, ತೋಟದ ಕೆಲಸದೋರಿಗೆ ಮನೆ ನೀರು ಆಸ್ಪತ್ರೆ ಕೊಡ್ಬೇಕು ಅಂತ 1951ರಲ್ಲಿ ಕಾನೂನು ಮಾಡಿದ್ದು ಪಾರ್ಲಿಮೆಂಟು, ದಿನದ ಕನಿಷ್ಠ ಕೂಲಿ ಇಷ್ಟು ಅಂತ ಆರ್ಡರ್ ಹೊರಡ್ಸೋದು ರಾಜ್ಯ. ಗೋಡೌನಲ್ಲಿರೋ ಯೂರಿಯಾ ಮೂಟೆ ಮೇಲಿನ ರೇಟ್ ನೋಡಿ, 45 ಕೆಜಿಗೆ 266 ರೂಪಾಯಿ 50 ಪೈಸೆ, ಅದು ದೆಹಲಿಯ ಸಬ್ಸಿಡಿ ರೇಟು. ಹೂ ಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಹೊಡೆಯೋಕೆ ಮೋಟ್ರು ಹಾಕ್ತೀರಲ್ಲ, ಕರೆಂಟು ಸಮವರ್ತಿ ಪಟ್ಟಿ, ಆದ್ರೆ ಬಿಲ್ ಕೊಡೋ ಸೆಸ್ಕ್ ರಾಜ್ಯದ ಕಂಪನಿ.

ಇನ್ನೊಂದು ಸ್ವಲ್ಪ ಮುಂದೆ ಹೋದ್ರೆ ಬೇಲಿ ಮುರಿದಿರುತ್ತೆ, ಬೈನೆ ಮರ ಸೀಳಿರುತ್ತೆ, ಲದ್ದಿ ಬಿದ್ದಿರುತ್ತೆ. ಆನೆ ಯಾರದ್ದು? 1976ರವರೆಗೆ ಕಾಡು, ಕಾಡುಪ್ರಾಣಿ ರಾಜ್ಯಪಟ್ಟಿಲಿತ್ತು, ಎಮರ್ಜೆನ್ಸಿ ಟೈಮಲ್ಲಿ 42ನೇ ತಿದ್ದುಪಡಿ ಬಂದು ಅದನ್ನ ಎತ್ತಿ ಸಮವರ್ತಿ ಪಟ್ಟಿಗೆ ಹಾಕ್ತು, ಶಿಕ್ಷಣನೂ ಅದರ ಜೊತೆಗೇ ಹೋಯ್ತು. ಕಾನೂನು 1972ರ ಕೇಂದ್ರದ ವನ್ಯಜೀವಿ ಕಾಯ್ದೆ, ಅದರಲ್ಲಿ ಆನೆ ಮೊದಲ್ನೇ ಶೆಡ್ಯೂಲು, ಅಂದ್ರೆ ಅತಿ ಹೆಚ್ಚು ರಕ್ಷಣೆ. ಆದ್ರೆ ರಾತ್ರಿ ಪಟಾಕಿ ಹಿಡ್ಕೊಂಡು ಓಡ್ಸೋಕೆ ಬರೋ ಗಾರ್ಡು, ವಾಚರು ರಾಜ್ಯದೋರು, ಬೆಳೆ ಪರಿಹಾರದ ಅರ್ಜಿ ತಗೊಳೋದೂ ರಾಜ್ಯದ ಅರಣ್ಯ ಇಲಾಖೆನೇ. ನಿಮ್ಮ ತಾಲ್ಲೂಕಿನ ಯಸಳೂರು ಭಾಗದಲ್ಲಿ 2023ರ ಡಿಸೆಂಬರಲ್ಲಿ, ಅಂಬಾರಿ ಹೊತ್ತ ಅರ್ಜುನ ಕಾಡಾನೆ ಹಿಡಿಯೋ ಕೆಲಸಕ್ಕೆ ಬಂದು ಇನ್ನೊಂದು ಆನೆ ಜೊತೆ ಕಾದಾಡಿ ಸತ್ನಲ್ಲ, ಅವತ್ತು ಟೀವಿ ಮುಂದೆ ಕೂತು ನಮ್ಮನೆಯೋರು ಅತ್ತಿದ್ದನ್ನ ನಾನು ಮರೆತಿಲ್ಲ. ಕಾನೂನು ಒಬ್ಬರದು, ಕಾಯೋ ಕೆಲಸ ಇನ್ನೊಬ್ಬರದು ಅಂದ್ರೆ ಇದೇ. ಹಾಗಾಗಿ ಬೆಳೆ ಹೋದ್ರೆ ಹೋಗಬೇಕಾಗಿದ್ದು ರೇಂಜ್ ಆಫೀಸಿಗೆ, ಫೋಟೋ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರ್ಲಿ.

ಈಗ ಕಣಕ್ಕೆ ಬಂದ್ವಿ. ಕಾಫಿ ಒಣಗ್ತಿದೆ. ನಮ್ಮ ಅಪ್ಪನ ಕಾಲದಲ್ಲಿ ಈ ಕಾಫಿನ ನಾವು ಇಷ್ಟ ಬಂದೋರಿಗೆ ಮಾರೋಹಂಗೇ ಇರ್ಲಿಲ್ಲ, 1942ರ ಕಾಫಿ ಕಾಯ್ದೆ ಕೆಳಗೆ ಎಲ್ಲಾನೂ ಬೋರ್ಡಿನ ಪೂಲಿಗೆ ಹಾಕ್ಬೇಕಿತ್ತು, ಬೋರ್ಡು ಹರಾಜು ಹಾಕಿ ಮಾರಿ ನಮಗೆ ಕಂತು ಕಂತಲ್ಲಿ ದುಡ್ಡು ಕೊಡೋದು, ಈ ವರ್ಷದ ಕಾಫಿಯ ಕೊನೇ ಕಂತು ಬರೋ ಹೊತ್ತಿಗೆ ಮುಂದಿನ ಕಾಫಿ ಗಿಡದಲ್ಲಿ ಹಣ್ಣಾಗಿರೋದು, ಅದನ್ನ ನಂಬ್ಕೊಂಡು ಮದುವೆ ಇಟ್ಕೊಂಡು ಒದ್ದಾಡಿದೋರು ಎಷ್ಟು ಜನ. 90ರ ದಶಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಸಡಿಲ ಮಾಡಿ 1996ರ ಹೊತ್ತಿಗೆ ಪೂರ್ತಿ ಬಿಟ್ರು. ಈಗ ಬೋರ್ಡು ಕೇಂದ್ರದ ವಾಣಿಜ್ಯ ಇಲಾಖೆ ಕೆಳಗಿದೆ, ಸಂಶೋಧನೆ, ಸಬ್ಸಿಡಿ, ಎಕ್ಸ್‌ಪೋರ್ಟ್ ಪರ್ಮಿಟ್ ಅಷ್ಟೇ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇರೋದು, ಅದೂ ಬೋರ್ಡಿಂದೇ. ಗಮನಿಸಿ, ಅಡಿಕೆ, ಆಲೂಗಡ್ಡೆ, ರಾಗಿ ಬೆಳೆಯೋನು ಕೃಷಿ ತೋಟಗಾರಿಕೆ ಇಲಾಖೆ ಅಂತ ರಾಜ್ಯದ ಬಾಗಿಲಿಗೆ ಹೋಗ್ತಾನೆ, ಕಾಫಿ ಬೆಳೆಯೋನು ಮಾತ್ರ ದೆಹಲಿಯ ವಾಣಿಜ್ಯ ಮಂತ್ರಿ ಬಾಗಿಲಿಗೆ.

ತೆರಿಗೆ ವಿಷಯದಲ್ಲೂ ಇದೇ ಗೋಜಲು. ವ್ಯವಸಾಯದ ಆದಾಯಕ್ಕೆ ತೆರಿಗೆ ಹಾಕೋ ಅಧಿಕಾರ ರಾಜ್ಯಕ್ಕಷ್ಟೇ ಇರೋದು, ಕೇಂದ್ರ ಮುಟ್ಟೋಹಂಗಿಲ್ಲ. ಆದ್ರೆ ನೀವು ಬೆಳೆದ ಕಾಫಿನ ಕ್ಯೂರಿಂಗ್ ಮಾಡ್ಸಿ, ಅಂದ್ರೆ ಮಿಲ್ಲಲ್ಲಿ ಸಿಪ್ಪೆ ತೆಗೆಸಿ ಮಾರಿದ್ರೆ ಆ ಆದಾಯದಲ್ಲಿ ನೂರಕ್ಕೆ 25 ಭಾಗ ವ್ಯಾಪಾರ ಅಂತ ಲೆಕ್ಕ, ಅದಕ್ಕೆ ಇನ್‌ಕಮ್ ಟ್ಯಾಕ್ಸು, ಹುರಿದು ಪುಡಿ ಮಾಡಿ ಮಾರಿದ್ರೆ 40 ಭಾಗ. ಚೆರಿನೋ ಪಾರ್ಚ್‌ಮೆಂಟೋ ಹಂಗೇ ಕಣದಲ್ಲೇ ತೂಕ ಹಾಕಿ ಕೊಟ್ರೆ ಪೂರ್ತಿ ವ್ಯವಸಾಯ. ಒಂದೇ ಮೂಟೆ, ಮಿಲ್ಲಿನ ಗೇಟ್ ದಾಟಿದ್ರೆ ಕಾಲು ಭಾಗ ದೆಹಲಿಯ ವ್ಯಾಪ್ತಿಗೆ ಹೋಗುತ್ತೆ.

ರೇಟು ಬಿದ್ರೆ ಯಾರನ್ನ ಬೈಬೇಕು ಅಂದ್ರಾ? ರೋಬಸ್ಟಾ ರೇಟು ಲಂಡನ್ನಲ್ಲಿ, ಅರೇಬಿಕಾ ರೇಟು ನ್ಯೂಯಾರ್ಕಲ್ಲಿ. ವಿಯೆಟ್ನಾಮಲ್ಲಿ ಬರ ಬಂದ್ರೆ, ಬ್ರೆಜಿಲ್ಲಲ್ಲಿ ಹಿಮ ಬಿದ್ರೆ ಸಕಲೇಶಪುರದಲ್ಲಿ ಹೊಸ ಜೀಪು ಕಾಣಿಸ್ತವೆ, ಅಲ್ಲಿ ಬೆಳೆ ಚೆನ್ನಾಗಾದ್ರೆ ಇಲ್ಲಿ ಚೀಟಿ ಕಟ್ಟೋಕೆ ಪರದಾಟ. ಇದಕ್ಕೆ ವಿಧಾನಸೌಧದ ಮುಂದೆ ಕೂಗಿದ್ರೂ ಅಷ್ಟೇ, ಪಾರ್ಲಿಮೆಂಟ್ ಮುಂದೆ ಕೂಗಿದ್ರೂ ಅಷ್ಟೇ.

ಪ್ರಶ್ನೆ: ಕರ್ನಾಟಕದೋರು 100 ರೂಪಾಯಿ ತೆರಿಗೆ ಕಟ್ಟಿದ್ರೆ 13 ರೂಪಾಯಿ ವಾಪಸ್ ಬರುತ್ತೆ ಅಂತ ಭಾಷಣ ಮಾಡ್ತಾರೆ. ನಿಜಾನಾ? ಇದ್ಯಾವ ನ್ಯಾಯ?
(ತೆಂಗು ಬೆಳೆಗಾರರು, ಅರಸೀಕೆರೆ)

ಆ ಲೆಕ್ಕದಲ್ಲಿ ಒಂದು ಜಾಗ ಸ್ವಲ್ಪ ಮಸುಕು. ಬೆಂಗಳೂರಲ್ಲಿ ಹೆಡ್ಡಾಫೀಸ್ ಇರೋ ಕಂಪನಿ ದೇಶ ಪೂರ್ತಿ ವ್ಯಾಪಾರ ಮಾಡಿ ತೆರಿಗೆ ಬೆಂಗಳೂರಲ್ಲಿ ಕಟ್ಟುತ್ತೆ, ಅದು ಪೂರ್ತಿ ಕನ್ನಡಿಗರ ದುಡ್ಡು ಅಂತ ಹೇಳೋಕಾಗಲ್ಲ. ಆದ್ರೆ ಕರ್ನಾಟಕ ಕೊಡೋದು ಜಾಸ್ತಿ ತಗೊಳೋದು ಕಮ್ಮಿ ಅನ್ನೋದರಲ್ಲಿ ಅನುಮಾನ ಇಲ್ಲ.

ಹೆಂಗೆ ನಡೆಯುತ್ತೆ ಅಂತ ನೋಡಿ. ನಮ್ಮ ದೇಶದಲ್ಲಿ ಚೆನ್ನಾಗಿ ದುಡ್ಡು ಬರೋ ತೆರಿಗೆಗಳು, ಇನ್‌ಕಮ್ ಟ್ಯಾಕ್ಸು, ಕಂಪನಿ ತೆರಿಗೆ, ಕಸ್ಟಮ್ಸು, ಇವೆಲ್ಲಾ ಕೇಂದ್ರ ಎತ್ತೋದು. ಖರ್ಚಿನ ಕೆಲಸಗಳು, ಆಸ್ಪತ್ರೆ, ಪೊಲೀಸು, ಶಾಲೆ ಮೇಷ್ಟ್ರ ಸಂಬಳ, ಕೆರೆ ಕಾಲುವೆ, ಬಹುಪಾಲು ರಾಜ್ಯದ ತಲೆ ಮೇಲೆ. ಈ ಅಂತರ ತುಂಬೋಕೆ ಅಂತಲೇ ಸಂವಿಧಾನದ 280ನೇ ವಿಧಿಲಿ ಹಣಕಾಸು ಆಯೋಗ ಇಟ್ಟಿದಾರೆ, 5 ವರ್ಷಕ್ಕೊಂದು. 15ನೇ ಆಯೋಗ, ಎನ್.ಕೆ. ಸಿಂಗ್ ಅಧ್ಯಕ್ಷರಾಗಿದ್ದು, 2021ರಿಂದ 2026ರವರೆಗಿನದು, ಹಂಚೋ ದುಡ್ಡಲ್ಲಿ ನೂರಕ್ಕೆ 41 ಭಾಗ ಎಲ್ಲಾ ರಾಜ್ಯಗಳಿಗೆ ಅಂತ ಹೇಳ್ತು. ಆ 41ನ್ನ ರಾಜ್ಯಗಳು ಹಂಚ್ಕೊಳೋವಾಗ ನಮ್ಮ ಪಾಲು 14ನೇ ಆಯೋಗದಲ್ಲಿ ನೂರಕ್ಕೆ 4.713 ಇದ್ದಿದ್ದು 3.647ಕ್ಕೆ ಇಳೀತು. ಯಾಕೆ ಇಳೀತು? ತಲಾ ಆದಾಯ ಕಮ್ಮಿ ಇರೋ ರಾಜ್ಯಕ್ಕೆ ಜಾಸ್ತಿ ಅನ್ನೋದಕ್ಕೇ 100ರಲ್ಲಿ 45 ಅಂಕ, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯೆ ಹಿಡಿತದಲ್ಲಿ ಇಟ್ಕೊಂಡಿದ್ದಕ್ಕೆ ಹನ್ನೆರಡೂವರೆ, ಕಾಡಿಗೆ 10, ತೆರಿಗೆ ಚೆನ್ನಾಗಿ ವಸೂಲಿ ಮಾಡಿದ್ದಕ್ಕೆ ಎರಡೂವರೆ. ಬೆಂಗಳೂರಿಂದಾಗಿ ನಮ್ಮ ತಲಾ ಆದಾಯ ಮೇಲಕ್ಕೆ ಹೋಯ್ತು, 45ರ ಜಾಗದಲ್ಲಿ ಏಟು ಬಿತ್ತು. ಅರಸೀಕೆರೆಲಿ ತೆಂಗಿಗೆ ರೋಗ ಬಿದ್ದು ಕೂತೋನೂ ಆ ಸರಾಸರಿಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನ ಜೊತೆ ಸೇರಿ ಶ್ರೀಮಂತ ಆಗ್ಬಿಟ್ಟ.

ಇಲ್ಲಿ ನನ್ನ ಅಭಿಪ್ರಾಯ ಎಷ್ಟೋ ಜನಕ್ಕೆ ಹಿಡಿಸಲ್ಲ, ಹೇಳ್ತೀನಿ. ಬಡ ರಾಜ್ಯಕ್ಕೆ ಜಾಸ್ತಿ ಕೊಡೋದು ತಪ್ಪು ಅಂತ ನಾನು ಹೇಳೋಕಾಗಲ್ಲ, ಯಾಕಂದ್ರೆ ಬೆಂಗಳೂರಿನ ದುಡ್ಡಲ್ಲಿ ಹಾಸನದ ಶಾಲೆ ನಡೀತಿದೆ, ಅದೇ ದುಡ್ಡು ಕಲಬುರಗಿ, ಯಾದಗಿರಿಗೆ ಇನ್ನೂ ಜಾಸ್ತಿ ಹೋಗ್ಬೇಕು ಅಂತ ನಂಜುಂಡಪ್ಪ ಸಮಿತಿ 2002ರಲ್ಲೇ ಹೇಳಿತ್ತು, ಆಗ ನಾವು ಚಪ್ಪಾಳೆ ಹೊಡೆದ್ವಿ. ರಾಜ್ಯದೊಳಗೆ ಸರಿ ಆಗಿದ್ದು ದೇಶದೊಳಗೆ ತಪ್ಪು ಆಗೋದು ಹೆಂಗೆ? ನನ್ನ ಸಿಟ್ಟಿರೋದು ಸೆಸ್ಸು, ಸರ್‌ಚಾರ್ಜ್ ಅಂತ ಕೇಂದ್ರ ಹಾಕೋ ಹೆಚ್ಚುವರಿ ತೆರಿಗೆಗಳ ಮೇಲೆ. ಕೇಂದ್ರ ಇವುಗಳನ್ನ ರಾಜ್ಯಗಳ ಜೊತೆ ಹಂಚ್ಕೊಳ್ಳಲೇಬೇಕು ಅಂತಿಲ್ಲ, 41 ಭಾಗ ಅನ್ನೋದು ಇವನ್ನ ಬಿಟ್ಟು ಉಳಿದಿದ್ರಲ್ಲಿ. ಊರ ಜಾತ್ರೆಗೆ ವಂತಿಗೆ ಎತ್ತಿದೋನು, ಇಷ್ಟು ದೇವರಿಗೆ ಅಂತ ಹುಂಡಿಗೆ ಹಾಕಿ, ಒಂದಷ್ಟನ್ನ "ಇದು ಬೇರೆ ಬಾಬ್ತು" ಅಂತ ಜೇಬಿಗೆ ಹಾಕ್ಕೊಂಡು ಆಮೇಲೆ ಹುಂಡಿ ಲೆಕ್ಕ ಮಾತ್ರ ಓದಿ ಹೇಳಿದ್ರೆ ಹೆಂಗಿರುತ್ತೆ ಹಂಗೆ. ಮುಂದೆ ಪೆಟ್ರೋಲ್ ಪ್ರಶ್ನೆಲಿ ಇದರ ಅಂಕಿ ಕೊಡ್ತೀನಿ.

ಹಂಚಿಕೆ ಜಗಳ ಕೋರ್ಟಿಗೂ ಹೋಗುತ್ತೆ. 2023ರ ಬರದಲ್ಲಿ ನಮ್ಮ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತಾಯ್ತು, ರಾಜ್ಯ 18,171 ಕೋಟಿ ಕೇಳ್ತು, ತಿಂಗಳುಗಟ್ಲೆ ಕಾದು ಕೊನೆಗೆ 2024ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು, ಏಪ್ರಿಲಲ್ಲಿ 3,454 ಕೋಟಿ ಬಂತು. ಮಳೆ ಬಂದು ರಾಗಿ ಬಿತ್ತನೆಗೆ ನೆಲ ಹದ ಆಗೋ ಹೊತ್ತಿಗೆ ಹಿಂದಿನ ವರ್ಷದ ಬರದ ದುಡ್ಡು.

ಪ್ರಶ್ನೆ: ಜಿಎಸ್‌ಟಿ ಬಂದು ಇಷ್ಟು ವರ್ಷ ಆಯ್ತು, ಪೆಟ್ರೋಲ್ ಯಾಕೆ ಅದರೊಳಗೆ ಬರ್ಲಿಲ್ಲ?
(ಆಟೋ ಓಡಿಸೋರು, ಚಿಕ್ಕಮಗಳೂರು)

ಯಾರಿಗೂ ಬೇಕಿಲ್ಲ, ಅದಕ್ಕೆ. ಭಾಷಣದಲ್ಲಿ ಎಲ್ರಿಗೂ ಬೇಕು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ರಾಜ್ಯಗಳು ವ್ಯಾಟು, ಪ್ರವೇಶ ತೆರಿಗೆ, ಮನರಂಜನೆ ತೆರಿಗೆ ಎಲ್ಲಾ ಬಿಟ್ಟುಕೊಟ್ವು. ಕೈಯಲ್ಲಿ ಉಳಿದಿದ್ದು ಮುಖ್ಯವಾಗಿ ಪೆಟ್ರೋಲು, ಡೀಸೆಲ್ಲು, ಸಾರಾಯಿ, ರಿಜಿಸ್ಟ್ರೇಶನ್ನು, ವಾಹನ ತೆರಿಗೆ. ಖಜಾನೆ ತುಂಬ್ಬೇಕು ಅಂದ್ರೆ ತಿರುಗಿಸೋಕೆ ಇರೋ ನಲ್ಲಿಗಳು ಇವೇ, ಅದಕ್ಕೇ 2024ರ ಜೂನಲ್ಲಿ ರಾಜ್ಯ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆನ 25.92ರಿಂದ 29.84 ಪರ್ಸೆಂಟ್‌ಗೆ ಏರಿಸ್ತು, ಮಾರನೇ ದಿನ ಲೀಟರ್‌ಗೆ 3 ರೂಪಾಯಿ ಜಾಸ್ತಿ. ಕೇಂದ್ರದ್ದೇನು ಕಮ್ಮಿ ಇಲ್ಲ. 2022ರ ಮೇ ತಿಂಗಳಲ್ಲಿ ಇಳಿಸಿದ್ಮೇಲೂ ಲೀಟರ್ ಪೆಟ್ರೋಲಿಗೆ ಕೇಂದ್ರದ ಸುಂಕ 19 ರೂಪಾಯಿ 90 ಪೈಸೆ ಇತ್ತು, ಅದರಲ್ಲಿ ರಾಜ್ಯಗಳ ಜೊತೆ ಹಂಚ್ಕೊಳೋ ಮೂಲ ಸುಂಕ ಎಷ್ಟು ಗೊತ್ತಾ? 1 ರೂಪಾಯಿ 40 ಪೈಸೆ. ಉಳಿದಿದ್ದೆಲ್ಲಾ ಸೆಸ್ಸು ಮತ್ತೆ ಅದರ ಅಣ್ಣತಮ್ಮಂದ್ರು. ಮೇಲೆ ಹೇಳಿದ "ಬೇರೆ ಬಾಬ್ತು" ಇದೇ ಕಣ್ರೀ.

ಪೆಟ್ರೋಲ್ನ ಜಿಎಸ್‌ಟಿಗೆ ತರೋಕೆ ಸಂವಿಧಾನ ತಿದ್ದೋದೇನೂ ಬೇಡ, ಜಿಎಸ್‌ಟಿ ಕೌನ್ಸಿಲ್ ಶಿಫಾರಸು ಮಾಡಿದ್ರೆ ಆಯ್ತು. ಆ ಕೌನ್ಸಿಲಲ್ಲಿ ಕೇಂದ್ರದ ಓಟಿಗೆ ಮೂರರಲ್ಲಿ ಒಂದು ಭಾಗ ತೂಕ, ಎಲ್ಲಾ ರಾಜ್ಯಗಳಿಗೆ ಸೇರಿ ಮೂರರಲ್ಲಿ ಎರಡು ಭಾಗ, ಪಾಸ್ ಆಗೋಕೆ ನಾಲ್ಕರಲ್ಲಿ ಮೂರು ಭಾಗ ಬೇಕು. ಕೂಡ್ಸಿ ನೋಡಿ, ಎಲ್ಲಾ ರಾಜ್ಯ ಒಂದಾದ್ರೂ ಕೇಂದ್ರ ಬೇಡ ಅಂದ್ರೆ ಆಗಲ್ಲ, ಕೇಂದ್ರ ಬೇಕು ಅಂದ್ರೂ 31ರಲ್ಲಿ 20 ರಾಜ್ಯಗಳು ಕೈ ಎತ್ಬೇಕು. ಮತ್ತೆ ಕರ್ನಾಟಕದ ಓಟಿಗೂ ಗೋವಾದ ಓಟಿಗೂ ಒಂದೇ ತೂಕ. ಕೌನ್ಸಿಲ್ ಹೇಳಿದ್ದು ಸಲಹೆ ಅಷ್ಟೇ, ಕಟ್ಟಪ್ಪಣೆ ಅಲ್ಲ ಅಂತ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದ್ರೂ ಇಲ್ಲಿವರೆಗೆ ಯಾವ ರಾಜ್ಯನೂ ಮುರ್ಕೊಂಡು ಹೋಗೋ ಧೈರ್ಯ ಮಾಡಿಲ್ಲ. ನಿಮ್ಮ ಮೀಟರು ಹಂಗೇ ಓಡ್ತಿರ್ಲಿ.

ಪ್ರಶ್ನೆ: ಅಕ್ಕಿ ಬದ್ಲು ದುಡ್ಡು ಹಾಕಿದ್ರಲ್ಲ ಆಗ, ಯಾಕೆ ಅಣ್ಣ?
(ಗೃಹಿಣಿ, ಕಡೂರು)

ರೇಷನ್ ಅಂಗಡಿಲಿ ಕೊಡೋ ಅಕ್ಕಿಲಿ ತಲೆಗೆ 5 ಕೆಜಿ ಕೇಂದ್ರದ ಆಹಾರ ಭದ್ರತಾ ಕಾಯ್ದೆದು ತಂಗಿ. 2023ರಲ್ಲಿ ರಾಜ್ಯ ಸರ್ಕಾರ ಇನ್ನೂ 5 ಕೆಜಿ ಸೇರ್ಸಿ ಕೊಡ್ತೀವಿ ಅಂತು, ಅಷ್ಟು ಅಕ್ಕಿ ಇದ್ದಿದ್ದು ಕೇಂದ್ರದ ಎಫ್‌ಸಿಐ ಗೋಡೌನಲ್ಲಿ, ಅದೇ ಜೂನಲ್ಲಿ ಕೇಂದ್ರ ರಾಜ್ಯಗಳಿಗೆ ಮಾರೋದನ್ನ ನಿಲ್ಲಿಸ್ತು. ದುಡ್ಡಿದ್ರೂ ಅಕ್ಕಿ ಇಲ್ಲ. ಅದಕ್ಕೆ ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದ್ರು, 2025ರಲ್ಲಿ ಕೇಂದ್ರ ಕೆಜಿಗೆ 22 ರೂಪಾಯಿ 50 ಪೈಸೆಗೆ ಕೊಡ್ತೀವಿ ಅಂದ್ಮೇಲೆ ಮತ್ತೆ ಅಕ್ಕಿ ಬಂತು. 170 ರೂಪಾಯಿಗೆ ಕಡೂರು ಸಂತೇಲಿ 5 ಕೆಜಿ ಒಳ್ಳೇ ಅಕ್ಕಿ ಬರ್ತಿತ್ತಾ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಪ್ರಶ್ನೆ: ನನ್ನ ಮಗ ಪರ್ತ್‌ನಲ್ಲಿದಾನೆ. ಆಸ್ಟ್ರೇಲಿಯಾನೂ ನಮ್ಮ ತರ ಒಕ್ಕೂಟ, ಅಲ್ಲೂ ಜಿಎಸ್‌ಟಿ ಇದೆ, ಆದ್ರೆ ಇಂತಾ ಜಗಳ ಇಲ್ಲ ಅಂತಾನೆ. ಹೌದಾ?
(ನಿವೃತ್ತ ಶಿಕ್ಷಕಿ, ಹಾಸನ)

ಮೇಡಂ, ಮಗ ಇರೋ ಊರಲ್ಲೇ ಜಗಳ ಜಾಸ್ತಿ, ಅವನಿಗೆ ಪೇಪರ್ ಓದೋಕೆ ಹೇಳಿ. ಅಲ್ಲಿ 2000ದ ಜುಲೈ 1ರಿಂದ 10 ಪರ್ಸೆಂಟ್ ಜಿಎಸ್‌ಟಿ, ಎತ್ತೋದು ಕೇಂದ್ರ, ಆದ್ರೆ ಬಂದಿದ್ದಷ್ಟೂ ರಾಜ್ಯಗಳಿಗೇ ಹಂಚ್ತಾರೆ, ಇದು ನಮಗಿಂತ ಒಂದು ಕೈ ಮೇಲು. ಯಾರಿಗೆ ಎಷ್ಟು ಅಂತ ಹೇಳೋಕೆ 1933ರಿಂದ ಒಂದು ಗ್ರಾಂಟ್ಸ್ ಕಮಿಷನ್ ಇದೆ, ನಮ್ಮ ಹಣಕಾಸು ಆಯೋಗದ ದೊಡ್ಡಪ್ಪನ ಮಗ ಇದ್ದಹಂಗೆ. ಪರ್ತ್ ಇರೋದು ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದಲ್ಲಿ, ಅಲ್ಲಿ ಕಬ್ಬಿಣದ ಅದಿರಿನ ರಾಯಲ್ಟಿ ಸುರೀತು, ಕಮಿಷನ್ ಏನ್ ಮಾಡ್ತು, ನಿಮಗೆ ಅದಿರಿದೆಯಲ್ಲ ಅಂತ ಜಿಎಸ್‌ಟಿ ಪಾಲು ಕಡಿಮೆ ಮಾಡ್ತಾ ಹೋಯ್ತು, 2015ರ ಹೊತ್ತಿಗೆ ತಲೆ ಲೆಕ್ಕದಲ್ಲಿ ಒಂದು ಡಾಲರ್ ಬರ್ಬೇಕಾದ ಕಡೆ 30 ಸೆಂಟ್ ಬರ್ತಿತ್ತು. ನಮ್ಮೋರ ಭಾಷಣದ ತರದ್ದೇ ಭಾಷಣ ಅಲ್ಲೂ ಆಯ್ತು. 2018ರಲ್ಲಿ ಕಾನೂನು ಮಾಡಿ, ಯಾವ ರಾಜ್ಯಕ್ಕೂ ಇಷ್ಟಕ್ಕಿಂತ ಕಮ್ಮಿ ಇಲ್ಲ ಅಂತ ತಳ ಕಟ್ಟಿದ್ರು, ಮೊದ್ಲು 70 ಸೆಂಟ್, ಆಮೇಲೆ 75. ನಮ್ಮಲ್ಲೂ ಇಂತಾ ತಳ ಒಂದು ಬೇಕು ಅಂತ ನನಗೆ ಬಹಳ ದಿನದಿಂದ ಅನ್ಸಿದೆ. ಇನ್ನೊಂದು ಗೊತ್ತಾ, ಇದೇ ಪಶ್ಚಿಮ ಆಸ್ಟ್ರೇಲಿಯಾದ ಜನ 1933ರಲ್ಲಿ ಒಕ್ಕೂಟ ಬಿಟ್ಟೇ ಹೋಗ್ತೀವಿ ಅಂತ ಓಟ್ ಹಾಕಿ ಗೆದ್ದಿದ್ರು, ಬ್ರಿಟಿಷ್ ಪಾರ್ಲಿಮೆಂಟು ಅದನ್ನ ಕೈಗೆತ್ತಿಕೊಳ್ಳಲೇ ಇಲ್ಲ.

ಮೇಲ್ಮನೆ ವಿಷಯದಲ್ಲೂ ಅವರದ್ದು ಬೇರೆ. ಅಲ್ಲಿ ದೊಡ್ಡ ರಾಜ್ಯ ಚಿಕ್ಕ ರಾಜ್ಯ ಅಂತಿಲ್ಲ, ಸೆನೆಟ್ಟಲ್ಲಿ ಪ್ರತಿ ರಾಜ್ಯಕ್ಕೂ 12 ಜನ. ನಮ್ಮ ರಾಜ್ಯಸಭೆಲಿ ಉತ್ತರ ಪ್ರದೇಶಕ್ಕೆ 31, ಕರ್ನಾಟಕಕ್ಕೆ 12, ಗೋವಾಕ್ಕೆ 1. ಹಣಕಾಸು ಮಸೂದೆನ ನಮ್ಮ ರಾಜ್ಯಸಭೆ 14 ದಿನ ಇಟ್ಕೊಬೋದು ಅಷ್ಟೇ, ಅವರ ಸೆನೆಟ್ 1975ರಲ್ಲಿ ಬಜೆಟ್ ದುಡ್ಡನ್ನೇ ತಡೆ ಹಿಡೀತು, ಕೊನೆಗೆ ನವೆಂಬರ್ 11ಕ್ಕೆ ಗವರ್ನರ್ ಜನರಲ್ ಜಾನ್ ಕರ್, ಪ್ರಧಾನಿ ಗಫ್ ವಿಟ್ಲಮ್‌ನ ಮನೆಗೆ ಕಳಿಸಿದ್ರು. ಲೋಕಸಭೆ ತರದ ಸದನದಲ್ಲಿ ಬಹುಮತ ಇದ್ದ ಪ್ರಧಾನಿ! ಮಗನಿಗೆ ಇದನ್ನ ಫೋನಲ್ಲಿ ಹೇಳಿ, ಮತ್ತೆ ಅವನು ಅಲ್ಲಿನ ಪ್ರಜೆ ಆಗಿದ್ರೆ ಓಟ್ ಮರೀಬಾರದು ಅಂತ್ಲೂ ಹೇಳಿ, ಅಲ್ಲಿ ಓಟ್ ಹಾಕ್ದಿದ್ರೆ ದಂಡ ಇದೆ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯ್ತಿಗೆ ದುಡ್ಡು ಯಾವ ಸರ್ಕಾರ ಕೊಡುತ್ತೆ? ಕೇಳಿದ್ರೆ ಬಂದಿಲ್ಲ ಅಂತಾನೇ ಹೇಳ್ತಾರೆ.
(ಯುವಕ ಸಂಘದೋರು, ಆಲೂರು ತಾಲ್ಲೂಕು)

ಮೂರು ಕಡೆಯಿಂದ ಬರುತ್ತೆ. ಕೇಂದ್ರದ ಹಣಕಾಸು ಆಯೋಗದ ಅನುದಾನ, ರಾಜ್ಯದ ಅನುದಾನ, ಮತ್ತೆ ನೀವೇ ಕಟ್ಟೋ ಮನೆ ಕಂದಾಯ, ನೀರಿನ ಬಿಲ್ಲು. ಪಂಚಾಯ್ತಿಗೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು 1993ರಲ್ಲಿ, 73ನೇ ತಿದ್ದುಪಡಿಲಿ, ಆದ್ರೆ ಅದಕ್ಕೂ ಮುಂಚೆನೇ ನಮ್ಮ ಅಬ್ದುಲ್ ನಜೀರ್ ಸಾಬ್ರು, ಊರೂರಿಗೆ ಬೋರ್ ಕೊರೆಸಿ ನೀರ್ ಸಾಬ್ ಅನ್ನಿಸ್ಕೊಂಡೋರು, 1983ರ ಕಾಯ್ದೆ ತಂದು 1987ರಲ್ಲಿ ಚುನಾವಣೆ ಮಾಡ್ಸಿ ಜಿಲ್ಲಾ ಪರಿಷತ್ತಿಗೆ ನಿಜವಾದ ಅಧಿಕಾರ ಕೊಟ್ಟಿದ್ರು. ದೆಹಲಿಯಿಂದ ರಾಜ್ಯಕ್ಕೆ ದುಡ್ಡು ಬರಲ್ಲ ಅಂತ ಕೂಗೋ ಬೆಂಗಳೂರು, ಪಂಚಾಯ್ತಿ ಎದುರಿಗೆ ಬಂದ ಕೂಡ್ಲೇ ಥೇಟ್ ದೆಹಲಿ ತರಾನೇ ಆಗುತ್ತೆ ಅನ್ನೋದನ್ನೂ ಬರೀದೆ ಇರೋಕಾಗ್ತಿಲ್ಲ.

15ನೇ ಆಯೋಗದ ದುಡ್ಡಲ್ಲಿ ನೂರಕ್ಕೆ 60 ಭಾಗ ಕುಡಿಯೋ ನೀರು, ಚರಂಡಿ ಸ್ವಚ್ಛತೆಗೇ ಅಂತ ಕಟ್ಟಿಹಾಕಿದ್ರು, ಉಳಿದ 40 ಪಂಚಾಯ್ತಿಯೋರ ಇಷ್ಟ. ನಿಮ್ಮ ಸಂಘದೋರು ಮುಂದಿನ ಗ್ರಾಮಸಭೆಗೆ ನಾಲ್ಕು ಜನ ಹೋಗಿ, ಜಮಾಬಂದಿ ಲೆಕ್ಕ, ಅಂದ್ರೆ ಪಂಚಾಯ್ತಿಯ ವರ್ಷದ ಜಮಾಖರ್ಚು ಕೇಳಿ, ಆ 60ರಲ್ಲಿ ಎಷ್ಟು ಬಂತು, ಯಾವ ಬೀದಿಗೆ ಹೋಯ್ತು ಅಂತ. ಕೇಳೋವಾಗ "ಸರ್ಕಾರದ ದುಡ್ಡು" ಅನ್ಬೇಡಿ, ಬಾಬ್ತಿನ ಹೆಸರು ಹಿಡಿದು ಕೇಳಿ. ಹೋಗೋವಾಗ ಮನೆ ಕಂದಾಯದ ರಸೀದಿನೂ ಜೇಬಲ್ಲಿರ್ಲಿ, ನೀವು ಕಟ್ಟಿದೀರಾ ಅಂತ ಅವರು ಕೇಳೇ ಕೇಳ್ತಾರೆ.